ಚದುರಂಗದ ಮಣೆಯಲ್ಲಿ ಮನುಷ್ಯನೂ ಗಣಕಯಂತ್ರವೂ

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿ, ಪಾರಸಿಕ ಮತ್ತು ಅರಬ್ಬೀ ದೇಶಗಳ ಮಾರ್ಗವಾಗಿ ಯೂರೋಪಿಗೆ ಹೋದ ಆಟವೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವರು. ನಮ್ಮ ಸೀಮೆಯಲ್ಲಿ ಮಂತ್ರಿಗೆ ವಜೀರನೆಂದೂ ಆಟ ಮುಗಿಸುವುದಕ್ಕೆ ಮಾತ್ ಎಂದೂ ಹೇಳುವವರಿದ್ದಾರೆ; ಆ ದೀರ್ಘಪ್ರಯಾಣದ ಧೂಳು ನಮ್ಮ ಮಾತಿಗೂ ಅಂಟಿದೆ. ಪ್ರಕೃತ ವಿಚಾರಿಸತಕ್ಕ ವಿಷಯ ಒಂದೇ: ಚೆನ್ನಾಗಿ ಆಡಬಲ್ಲವನು ಗಣಕಯಂತ್ರದ ಎದುರು ಹೇಗೆ ಆಡಬೇಕು?

ಮೊದಲು ಯಂತ್ರದ ಬಲವೆಲ್ಲಿದೆ ಎಂಬುದನ್ನು ತಿಳಿಯಬೇಕು. ಇದಕ್ಕೆ ದೂರ ಹೋಗಬೇಕಾದುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಬಂಧಗಳಲ್ಲಿ ಪ್ರವೀಣರಾಗಿದ್ದರು. ಕುದುರೆಯ ಹೆಜ್ಜೆಗಳನ್ನು 1ರಿಂದ 64ರ ವರೆಗೆ ಆಯಾ ಮನೆಯಲ್ಲಿ ಬರೆದರೆ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಕಂಬಸಾಲಿನ ಮೊತ್ತವೂ 260 ಆಗುವಂತಹ ಬಂಧವೊಂದು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕರ್ಣರೇಖೆಗಳೆರಡೂ 260 ಆಗುವ ಬಂಧ ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ದೊರೆತುದು 2003ರಲ್ಲಿ. ಗಣಕಯಂತ್ರವು ಎರಡು ತಿಂಗಳಷ್ಟು ಕಾಲದ ಎಣಿಕೆಯಲ್ಲಿ ಇದ್ದ ದಾರಿಗಳನ್ನೆಲ್ಲ ಶೋಧಿಸಿ, ಸಾಲುಗಳು ಸರಿಹೊಂದುವ ಬಂಧಗಳು 140 ಬಗೆಯವೆಂದೂ, ಕರ್ಣಗಳೂ ಹೊಂದುವುದು ಒಂದೂ ಇಲ್ಲವೆಂದೂ ತೋರಿಸಿತು. ದೊರೆಯು ಬುದ್ಧಿಯಿಂದ ಒಂದು ದಾರಿಯನ್ನು ಕಂಡನು. ಯಂತ್ರವು ಯಾವ ದಾರಿಯನ್ನೂ ಬಿಡಲಿಲ್ಲ. ಇಬ್ಬರ ಸ್ವಭಾವಗಳೂ ಇಷ್ಟರಲ್ಲಿಯೇ ತಿಳಿಯುವುವು.

ಆದುದರಿಂದ ಎಣಿಕೆಯಲ್ಲಿ ಯಂತ್ರದೊಡನೆ ಪಂಥ ಕಟ್ಟಬಾರದು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1977ರಲ್ಲಿ 201 ಅಂಕೆಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿ ಯಂತ್ರವನ್ನು ಹಿಂದೆ ಹಾಕಿದರು, ನಿಜ. ಅಂತಹವರಿಗೆ ಈ ಲೇಖನದ ಆವಶ್ಯಕತೆಯಿಲ್ಲ! 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಕಾಸ್ಪರೋವನನ್ನು 3½–2½ರಿಂದ ಸೋಲಿಸಿದ ಡೀಪ್ ಬ್ಲೂ ಯಂತ್ರವು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಇದರ ಹಿಂದಿನ ರೂಪವನ್ನು 4–2ರಿಂದ ಗೆದ್ದವನು ಅವನೇ.

ಆ ಪಂದ್ಯದ ಎರಡನೆಯ ಆಟವು ವಿದ್ಯಾರ್ಥಿಗಳು ಮಣೆಯ ಮೇಲೆ ಹೂಡಿ ನೋಡತಕ್ಕದ್ದು. ಕಾಸ್ಪರೋವನು ಸೋಲನ್ನೊಪ್ಪಿ ಎದ್ದನು. ಆಮೇಲೆ ಪರೀಕ್ಷಿಸಿದವರು, ಎಡೆಬಿಡದೆ ಶಹ ಕೊಡುತ್ತ ಸರಿಸಮ ಮಾಡಿಕೊಳ್ಳುವ ದಾರಿ ಅವನಿಗೆ ಇದ್ದಿತೆಂದು ತೋರಿಸಿದರು. ಅಂತಹ ಮಹಾ ಆಟಗಾರನು ಅದನ್ನು ಹುಡುಕದೆ ಬಿಟ್ಟುದೇಕೆ? ಯಂತ್ರವು ಇಷ್ಟು ಸುಲಭವಾದ ಎಡೆಯನ್ನು ಬಿಟ್ಟಿರಲಾರದೆಂಬ ನಂಬಿಕೆಯೇ ಕಾರಣವೆಂದು ನನಗೆ ತೋರುತ್ತದೆ. ಎದುರಾಳಿಯ ಕೀರ್ತಿಗೆ ಹೆದರಿ ಕಾಯಿ ಕೆಳಗಿಡುವುದು ಮನುಷ್ಯರ ನಡುವಣ ಆಟದಲ್ಲಿಯೂ ಉಂಟು. ಯಂತ್ರದೆದುರು ಆ ಭಯ ಇಮ್ಮಡಿಯಾಗುತ್ತದೆ.

ಇನ್ನು ತಂತ್ರದ ಮಾತು. ಬಯಲಾದ ಮಣೆಯಲ್ಲಿ, ಕಾಯಿಗಳು ಎಲ್ಲ ಕಡೆಯೂ ಹೊಡೆದಾಡುವಲ್ಲಿ, ಯಂತ್ರವೇ ಮೇಲು. ಕಾಲಾಳುಗಳು ಒಂದಕ್ಕೊಂದು ಎದುರಾಗಿ ಸಿಕ್ಕಿಕೊಂಡು ಮಣೆ ಮುಚ್ಚಿದಲ್ಲಿ ಮಾತ್ರ ಹಳೆಯ ಯಂತ್ರಗಳು ದಿಕ್ಕುಗೆಡುತ್ತಿದ್ದುವು. ಅವುಗಳ ದೃಷ್ಟಿ ಕೆಲವು ನಡೆಗಳ ಆಚೆಗೆ ನಿಲ್ಲುತ್ತಿತ್ತು. ಇಪ್ಪತ್ತು ಮೂವತ್ತು ನಡೆಗಳ ಮೇಲೆ ಫಲಿಸುವ ಉಪಾಯ ಅವುಗಳಿಗೆ ಇಲ್ಲದಂತೆಯೇ. 2003ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಫ್ರಿಟ್ಸ್ ಎಂಬ ಯಂತ್ರದೊಡನೆ ಆಡಿದ ಮೂರನೆಯ ಆಟದಲ್ಲಿ ಕಾಸ್ಪರೋವನು ಹೀಗೆಯೇ ಮಣೆಯನ್ನು ಮುಚ್ಚಿ, ಮಂತ್ರಿಯ ಮಗ್ಗುಲಲ್ಲಿ ಅವಸರವಿಲ್ಲದೆ ಮುಂದೊತ್ತಿದನು. ಯಂತ್ರವು ಮಾಡಲು ಕೆಲಸವಿಲ್ಲದವನಂತೆ ಕಾಯಿಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಕುಳಿತು ಸೋತಿತು. ರಾಯಚೂರಿನ ಕೋಟೆಯನ್ನು ನೋಡಿದವರಿಗೆ ಇದು ಬೇಗ ತಿಳಿದೀತು: ಬಯಲಿನಲ್ಲಿ ಓಡುವ ಕುದುರೆಯ ವೇಗಕ್ಕೆ ಗೋಡೆಯ ಮುಂದೆ ಬೆಲೆಯಿಲ್ಲ.

ಆದರೆ ಕೇವಲ ಮುಚ್ಚಿಕೊಂಡು ಕುಳಿತರೆ ಸಾಲದು, ಒಳಗಿನಿಂದ ನೂಕುವ ಉಪಾಯವಿರಬೇಕು. ಅಲ್ಲದೆ ಯಂತ್ರಕ್ಕೆ ಆಯಾಸವಿಲ್ಲ. 2006ರಲ್ಲಿ ಬಾನ್ ನಗರದಲ್ಲಿ ಜಗಜ್ಜೇತನಾಗಿದ್ದ ಕ್ರಾಮ್ನಿಕನು ಒಂದೇ ನಡೆಯಲ್ಲಿ ಮಾತ್ ಆಗುವುದನ್ನು ಕಾಣದೆ ಸೋತನು. ಗಡಿಯಾರದಲ್ಲಿ ಸಮಯ ಉಳಿಸಿಕೊಳ್ಳುವುದೂ, ಪ್ರತಿ ನಡೆಗೆ ಮುನ್ನ ತನ್ನ ರಾಜನ ಸುತ್ತ ಒಮ್ಮೆ ಕಣ್ಣಾಡಿಸುವುದೂ ಅಲ್ಪವಾದ ಉಪದೇಶವೆಂದು ತಿಳಿಯಬಾರದು.

ಮುಚ್ಚಿದ ಮಣೆಯ ಉಪಾಯವೂ ಈಗ ಬಹುಮಟ್ಟಿಗೆ ಹಳತಾಯಿತು. 2017ರ ಡಿಸೆಂಬರಿನಲ್ಲಿ ಪ್ರಕಟವಾದ ಆಲ್ಫಾಜೀರೋ ತನ್ನೊಡನೆ ತಾನೇ ಆಡಿ ಕಲಿತದ್ದು. 2020ರಿಂದ ಸ್ಟಾಕ್‌ಫಿಶ್ ಸಹ ಸ್ಥಿತಿಯ ಗುಣವನ್ನು ಕಲಿತ ಜಾಲದಿಂದ ಅಳೆಯುತ್ತದೆ. ಕಿಸೆಯಲ್ಲಿನ ದೂರವಾಣಿಯೇ ಇಂದು ಜಗಜ್ಜೇತನನ್ನು ಸೋಲಿಸಬಲ್ಲದು. ಹೀಗಿರುವಾಗ ಸಮಬಲದಿಂದ ಆಡಿ ಗೆಲ್ಲುವೆನೆನ್ನುವುದು ಹಟ. ನ್ಯಾಯವಾದ ಪಂದ್ಯ ಬೇಕಾದರೆ ಯಂತ್ರವು ಮೊದಲೇ ಒಂದು ಕಾಯಿಯನ್ನು ಬಿಟ್ಟುಕೊಡಬೇಕು. 2016ರಲ್ಲಿ ನಕಮುರಾ ಎಂಬ ಅಮೆರಿಕದ ಗ್ರ್ಯಾಂಡ್‌ಮಾಸ್ಟರನು ಕೊಮೊಡೊ ಯಂತ್ರದಿಂದ ಇಂತಹ ರಿಯಾಯಿತಿಗಳನ್ನು ಪಡೆದು ನಾಲ್ಕು ಆಟಗಳನ್ನಾಡಿದನು. ಮೂರು ಸಮವಾದುವು, ಕೊನೆಯದರಲ್ಲಿ ಯಂತ್ರ ಗೆದ್ದಿತು. ನಮ್ಮಂತಹವರು ಕುದುರೆಯನ್ನೇ ಕೇಳಿದರೂ ನಾಚಬೇಕಾದುದಿಲ್ಲ.

ಕರ್ನಾಟಕಕ್ಕೆ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ದೊರೆತುದು 2017ರಲ್ಲಿ, ಮೈಸೂರಿನ ಎಂ. ಎಸ್. ತೇಜಕುಮಾರರ ಮೂಲಕ. ಮಾನ್ವಿಯಂತಹ ತಾಲ್ಲೂಕು ಊರಿನ ವಿದ್ಯಾರ್ಥಿಗೆ ಬಲವಾದ ಎದುರಾಳಿಯೂ ಗುರುವೂ ಎರಡೂ ಯಂತ್ರವೇ ಆಗಬಹುದು. ಗುರುವೆಂದು ಇಟ್ಟುಕೊಳ್ಳುವುದಾದರೆ ಕ್ರಮವೊಂದುಂಟು. ಆಟ ಮುಗಿದ ಕೂಡಲೆ ಯಂತ್ರವನ್ನು ತೆರೆಯಬಾರದು. ಕಾಗದದಲ್ಲಿ ನಡೆಗಳನ್ನು ಬರೆದು, ತಾನು ಏಕೆ ಹಾಗೆ ಆಡಿದೆನೆಂಬುದನ್ನು ಪಕ್ಕದಲ್ಲಿ ಒಂದೆರಡು ಮಾತುಗಳಲ್ಲಿ ಗುರುತು ಮಾಡಬೇಕು. ಸೋತದ್ದು ಎಲ್ಲಿಂದ ಎಂಬುದನ್ನು ಊಹಿಸಿ ಅಡಿಗೆರೆ ಎಳೆಯಬೇಕು. ಯಂತ್ರಕ್ಕೆ ತೋರಿಸುವುದು ಅದಾದ ಮೇಲೆ. ಯಂತ್ರದ ಗುರುತೂ ತನ್ನ ಅಡಿಗೆರೆಯೂ ಬೇರೆಬೇರೆ ನಡೆಗಳಲ್ಲಿ ಬಿದ್ದರೆ, ಅಂದು ಸಂಜೆ ಅಭ್ಯಾಸ ಮಾಡಬೇಕಾದುದು ಆ ಎರಡು ನಡೆಗಳ ನಡುವಣ ಸ್ಥಿತಿಯನ್ನು.