ತಾಯಿಗೆ ಸ್ತನದ ಕ್ಯಾನ್ಸರ್ ಬಲಿತಾಗ ಮನೆಯವರು ತಿಳಿದಿರಬೇಕಾದುದು



ಕನಕಪುರ ರಸ್ತೆಯಿಂದ ಬೆಂಗಳೂರಿಗೆ ಬರುವವರಿಗೆಲ್ಲ ಸಾರಕ್ಕಿ ಗೇಟು ಗೊತ್ತು. ಒಂದು ಕಾಲಕ್ಕೆ ಕೆರೆಯನ್ನು ನಂಬಿದ ಹಳ್ಳಿ ಅದು. ಈಗ ಪಟ್ಟಣದೊಳಗೆ ಸೇರಿಹೋಗಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ತಾಯಿಯನ್ನು ಕರೆದುಕೊಂಡು ಈ ದಾರಿಯಲ್ಲಿ ಹೋಗುವ ಮಕ್ಕಳ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಅವ್ವ ಉಳಿಯುತ್ತಾಳೆಯೆ?

ಸ್ತನದ ಕ್ಯಾನ್ಸರ್ ಮೂಳೆ, ಶ್ವಾಸಕೋಶ, ಪಿತ್ತಜನಕಾಂಗಗಳಿಗೆ ಹರಡಿದ ಮೇಲೆ ಅದನ್ನು ಬೇರುಸಹಿತ ಕೀಳುವುದು ಸಾಮಾನ್ಯವಾಗಿ ಆಗದು. ಆದರೆ ಹೊಲದ ಗರಿಕೆಯನ್ನು ಪೂರ್ತಿ ನಿರ್ಮೂಲ ಮಾಡಲಾಗದಿದ್ದರೂ ಹತೋಟಿಯಲ್ಲಿಟ್ಟು ನಾವು ರಾಗಿ ಬೆಳೆಯುವುದಿಲ್ಲವೆ? ಇದೂ ಹಾಗೆಯೇ. ಗಡ್ಡೆಯ ಚೂರನ್ನು ಪರೀಕ್ಷಿಸಿದಾಗ ಅದು ಹಾರ್ಮೋನಿನಿಂದ ಬೆಳೆಯುವ ಜಾತಿಯೆಂದು ಕಂಡುಬಂದರೆ, ಎಷ್ಟೋ ಮಂದಿಗೆ ದಿನವೂ ನುಂಗುವ ಮಾತ್ರೆಗಳಿಂದಲೇ ರೋಗ ತಡೆದು ನಿಲ್ಲುತ್ತದೆ. ಕೆಲವರು ವರ್ಷಗಟ್ಟಲೆ ಬಾಳುತ್ತಾರೆ. ಆದುದರಿಂದ ಆ ಪರೀಕ್ಷೆಯ ಫಲವನ್ನು ವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಪೂರ್ತಿ ವಾಸಿಮಾಡುತ್ತೇನೆಂದು ಆಣೆಯಿಡುವವನಿಗಾಗಿ ಹಸು, ಹೊಲ ಮಾರಬೇಡಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ರೇಷನ್ ಕಾರ್ಡು, ಆಧಾರ್ ಮರೆಯದೆ ಒಯ್ಯಿರಿ.

ನೋವನ್ನು ಸಹಿಸಿಕೊಂಡಿರು ಎಂದು ಹೇಳಕೂಡದು. ನಮ್ಮ ಹೆಂಗಸರು ಹೇಳದೆಯೇ ಸಹಿಸುವವರು; ರಾತ್ರಿ ನಿದ್ದೆ ಬಂತೆ ಎಂದು ಕೇಳಿದರೆ ನಿಜ ಹೊರಬರುತ್ತದೆ. ಕಠಿಣವಾದ ನೋವಿಗೆ ಮಾರ್ಫೀನ್ ಒಳ್ಳೆಯ ಔಷಧಿ. ವೈದ್ಯರು ಹೇಳಿದಂತೆ ಕೊಟ್ಟರೆ ಚಟವಾದೀತೆಂಬ ಭಯ ಬೇಡ, ಸಾವು ಬೇಗ ಬಂದೀತೆಂಬುದೂ ತಪ್ಪು. ನೋವು ಬರುವವರೆಗೆ ಕಾಯದೆ ಗಡಿಯಾರ ನೋಡಿ ಕೊಡಬೇಕು; ಮಲಬದ್ಧತೆಗೆ ಮದ್ದು ಜೊತೆಗೇ ಬೇಕು. ಮೂಳೆನೋವಿಗೆ ಕಿರಣ ಚಿಕಿತ್ಸೆ ಎಷ್ಟೋ ಸಲ ಒಂದೇ ಬಾರಿಗೆ ಮುಗಿಯುತ್ತದೆ. ದೂರದ ಹಳ್ಳಿಯವರು ಇದನ್ನು ಕೇಳಿ ನೋಡಬಹುದು.

ಕೀಮೋ ಆದ ದಿನಗಳಲ್ಲಿ ಜ್ವರ ಬಂದರೆ, ಬೆನ್ನುನೋವಿನೊಡನೆ ಕಾಲು ಸೋತರೆ, ಮೂತ್ರ ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.

ತಾಯಿಗೆ ವಿಷಯ ತಿಳಿಸದೆ ಮುಚ್ಚಿಡುವ ಮನೆಗಳೇ ಹೆಚ್ಚು. ಆಕೆ ಹೇಗೂ ಊಹಿಸಿರುತ್ತಾಳೆ. ಮುಚ್ಚಿಟ್ಟರೆ ಒಬ್ಬಳೇ ಅಳುತ್ತಾಳೆ, ಅಷ್ಟೆ. ಎಷ್ಟು ತಿಳಿಯಬೇಕೆಂದು ಆಕೆಯನ್ನೇ ಕೇಳಿ, ಅಷ್ಟನ್ನು ಹೇಳಿ. ಭರವಸೆ ಎಂದರೆ ವಾಸಿಯಾಗುವುದೊಂದೇ ಅಲ್ಲ. ಈ ವಾರ ನೋವಿಲ್ಲದೆ ನಿದ್ರಿಸುವುದು, ಮೊಮ್ಮಗಳ ಮದುವೆಗೆ ಕೂರುವುದು, ಸುಗ್ಗಿಯಲ್ಲಿ ಕಣದ ಬಳಿ ಬಂದು ರಾಶಿ ನೋಡುವುದು, ಇವೂ ಭರವಸೆಯೇ.

ಶುಶ್ರೂಷೆಯ ಭಾರವನ್ನೆಲ್ಲ ಸೊಸೆಯೊಬ್ಬಳ ತಲೆಗೆ ಕಟ್ಟಬಾರದು. ಗಂಡುಮಕ್ಕಳೂ ರಾತ್ರಿ ಸರದಿ ಹಿಡಿಯಲಿ. ಚಿಕಿತ್ಸೆ ಇನ್ನು ಫಲಿಸದೆಂದಾದಾಗ, 1994ರಲ್ಲಿ ಸ್ಥಾಪನೆಯಾದ ಟ್ರಸ್ಟು ನಡೆಸುವ ಬೆಂಗಳೂರಿನ ಕರುಣಾಶ್ರಯದಲ್ಲಿ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ಅಲ್ಲಿ ಸೇರಿಸಿದರೆ ತಾಯಿಯನ್ನು ಕೈಬಿಟ್ಟಂತೆ ಎಂದು ನೆರೆಹೊರೆ ಆಡಿಕೊಳ್ಳಬಹುದು. ಆಡಿಕೊಳ್ಳಲಿ. ಮಗ್ಗುಲಲ್ಲಿ ಕೂತು ಕೈ ಹಿಡಿದುಕೊಳ್ಳಲು ನಿಮಗೆ ಅಲ್ಲಿ ಬಿಡುವು ಸಿಗುತ್ತದೆ.