ಸ್ಟೀರಿಯೋದಿಂದ 5.1ಕ್ಕೆ: ಅಪ್‌ಮಿಕ್ಸ್ ಮತ್ತು ಬದಲಿ ಸಿಗ್ನಲ್

ಅಪ್‌ಮಿಕ್ಸರ್ ಎರಡು ಚಾನೆಲ್‌ನ ಸ್ಟೀರಿಯೋದಿಂದ 5.1 ಸರೌಂಡ್ ಕಟ್ಟುತ್ತದೆ. ಎಡಬಲಗಳಲ್ಲಿ ಸಮನಾಗಿರುವುದು, ಹೆಚ್ಚಾಗಿ ಮಾತು, ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ಚಪ್ಪಾಳೆ, ಸಭಾಂಗಣದ ಗುಂಗು ಹಿಂದಿನವಕ್ಕೆ.

ತೊಡಕು ಹುಟ್ಟುವುದು 5.1 ಕಾರ್ಯಕ್ರಮದ ನಡುವೆ ಸ್ಟೀರಿಯೋ ಜಾಹೀರಾತು ಬಂದಾಗ. ನಡು ಮತ್ತು ಹಿಂದಿನ ಚಾನೆಲ್‌ಗಳು ಒಂದಿಷ್ಟು ಹೊತ್ತು ಮೌನವಾಗಿದ್ದರೆ ಯಂತ್ರ ಅದನ್ನು ಸ್ಟೀರಿಯೋ ಎಂದೇ ಎಣಿಸಿ ಅಪ್‌ಮಿಕ್ಸ್ ಮಾಡುತ್ತದೆ. ಈ ಕಾಯುವ ಅವಧಿ ತೀರ ಚಿಕ್ಕದಾದರೆ, ಮಾತಿಲ್ಲದ ದೃಶ್ಯದಲ್ಲಿ ಮುಂದಿನ ಎರಡು ಸ್ಪೀಕರ್‌ಗಳಲ್ಲಷ್ಟೇ ನುಡಿಯುತ್ತಿದ್ದ ಪಿಟೀಲು ಇದ್ದಕ್ಕಿದ್ದಂತೆ ನಡುವಿಗೆ ಸರಿಯುತ್ತದೆ. ಕೆಲವು ಸೆಕೆಂಡು ಕಾಯಿಸಿ, ಮೆಲ್ಲಗೆ ಬೆಸೆಯುವಂತೆ ಹೊಂದಿಸುವುದೇ ಲೇಸು. ಎರಡೇ ಸ್ಪೀಕರ್‌ನಲ್ಲಿ ಕೇಳುವ ಮನೆಗಳೂ ಇವೆ. ನಡು ಮತ್ತು ಹಿಂದಿನ ಚಾನೆಲ್‌ಗಳನ್ನು 3 ಡೆಸಿಬೆಲ್ ತಗ್ಗಿಸಿ ಮತ್ತೆ ಸ್ಟೀರಿಯೋಗಿಳಿಸಿ, ಮೂಲದೊಡನೆ ಹೋಲಿಸಿ ಕೇಳಲೇಬೇಕು.

ಮುಖ್ಯ ಸಿಗ್ನಲ್ ಕೈಕೊಟ್ಟರೆ ಯಂತ್ರ ಬದಲಿ ಸಿಗ್ನಲ್‌ಗೆ ಹೊರಳುತ್ತದೆ. ಹಾಗೆ ಹೊರಳಲು ಕಾರಣ ಎರಡು, ಇವನ್ನು ಬೆರೆಸಬಾರದು. ಸಿಗ್ನಲ್ಲೇ ಕಡಿದುಹೋದರೆ ತಕ್ಷಣ ಹೊರಳಬೇಕು. ಬರೀ ಮೌನವಾದರೆ ತಾಳಬೇಕು. ಶ್ರದ್ಧಾಂಜಲಿಯ ನೇರಪ್ರಸಾರದಲ್ಲಿ ಮೌನವೇ ಕಾರ್ಯಕ್ರಮ. ಮುಖ್ಯ ಸಿಗ್ನಲ್ ಮರಳಿದರೂ ಅದು ಸ್ಥಿರವಾಗುವವರೆಗೆ ಹಿಂದಿರುಗಬಾರದು, ಇಲ್ಲದಿದ್ದರೆ ಧ್ವನಿ ಅತ್ತಿತ್ತ ಜಿಗಿಯುತ್ತದೆ.

ವಿದ್ಯುತ್ ಹೋದಾಗ ಬೈಪಾಸ್ ರಿಲೇ ಇರುವ ಯಂತ್ರದಲ್ಲಿ ಒಳಬಂದದ್ದು ಹಾಗೆಯೇ ಹೊರಹೋಗುತ್ತದೆ. ಪ್ರಸಾರವಿಲ್ಲದ ಹೊತ್ತಿನಲ್ಲಿ ಪ್ಲಗ್ ಕಿತ್ತೇ ಇದನ್ನು ಪರೀಕ್ಷಿಸಬೇಕು.