ಹೊಡೆಯುವ ಕೈಗೆ ಕೋವಿ ಬೇಡ



ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ ಪಾಠ ಮುಗಿಯಿತು. ಎಲ್ಲರೂ ಸ್ಲೇಟು ಎತ್ತಿಟ್ಟು ಹೊರಟರು. ಒಬ್ಬ ಅಕ್ಕ ಮಾತ್ರ ಕೂತೇ ಇದ್ದರು. ಮೆಲ್ಲಗೆ ಕೇಳಿದರು:

"ಟೀಚರೇ, ಕಾಡುಹಂದಿ ಓಡಿಸೋಕೆ ನಮ್ಮನೇಲಿ ಕೋವಿ ಇದೆ. ಕುಡಿದು ಬಂದ ದಿನ ನಮ್ಮನೆಯವರು ಅದನ್ನ ಕೈಗೆ ತಗೋತಾರೆ. ಇನ್ನೂ ಗುಂಡು ಹಾರಿಸಿಲ್ಲ. ಆದ್ರೂ ನನಗೆ ನಿದ್ದೆ ಬರಲ್ಲ. ಇದಕ್ಕೆ ಕಾನೂನು ಇದೆಯಾ?"

ಇದೆ. ಈ ಭಯ ಅವರೊಬ್ಬರದೇ ಅಲ್ಲ. ದೂರದ ಅಮೆರಿಕದ ಹೆಂಗಸರಿಗೂ ಇದೆ. ಮೊದಲು ಅಲ್ಲಿಯ ಕತೆ ಓದೋಣ. ಆಮೇಲೆ ನಮ್ಮ ಕಾನೂನು ತಿಳಿಯೋಣ.

ಅಮೆರಿಕದಲ್ಲಿ ನಡೆದದ್ದು

ಅಮೆರಿಕದಲ್ಲಿ ಜನರಿಗಿಂತ ಬಂದೂಕುಗಳೇ ಹೆಚ್ಚು. 2017ರ ಅಂದಾಜಿನಂತೆ 100 ಜನರಿಗೆ ಸುಮಾರು 120 ಬಂದೂಕು. ಹೊಡೆಯುವ ಗಂಡಿನ ಕೈಗೆ ಬಂದೂಕು ಸಿಕ್ಕರೆ ಹೆಂಗಸಿನ ಜೀವಕ್ಕೆ ಅಪಾಯ ಸುಮಾರು ಐದು ಪಟ್ಟು ಹೆಚ್ಚುತ್ತದೆ. 2003ರಲ್ಲಿ ಬಂದ ಒಂದು ಅಧ್ಯಯನ ಇದನ್ನು ತೋರಿಸಿತು.

1994ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಹೆಂಗಸು ಕೋರ್ಟಿಗೆ ಹೋಗುತ್ತಾಳೆ. ಕೋರ್ಟು ಇಬ್ಬರ ಮಾತನ್ನೂ ಕೇಳುತ್ತದೆ. "ಇವಳ ತಂಟೆಗೆ ಹೋಗಬೇಡ" ಎಂದು ಗಂಡಸಿಗೆ ಹೇಳುತ್ತದೆ. ಇದೇ ರಕ್ಷಣಾ ಆದೇಶ. ಅವನಿಂದ ಅಪಾಯವಿದೆ ಎಂದು ಕೋರ್ಟು ಕಂಡುಕೊಂಡರೆ, ಆ ಆದೇಶ ಇರುವವರೆಗೆ ಅವನು ಬಂದೂಕು ಇಟ್ಟುಕೊಳ್ಳುವಂತಿಲ್ಲ.

2019ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಒಬ್ಬ ಗಂಡಸು ತನ್ನ ಮಗುವಿನ ತಾಯಿಯನ್ನೇ ಎಳೆದಾಡಿ ಹೊಡೆದ. ಬಂದೂಕು ತೆಗೆದ. ಅವಳು ತಪ್ಪಿಸಿಕೊಂಡು ಓಡಿದಳು. "ಯಾರಿಗಾದರೂ ಹೇಳಿದರೆ ಗುಂಡು ಹೊಡೀತೀನಿ" ಎಂದು ಆಮೇಲೆ ಬೆದರಿಸಿದ. ಅವಳು ಹೆದರಿ ಸುಮ್ಮನಾಗಲಿಲ್ಲ. 2020ರಲ್ಲಿ ರಕ್ಷಣಾ ಆದೇಶ ಪಡೆದಳು. ಆದರೂ ಮುಂದೆ ಪೊಲೀಸರು ಹುಡುಕಿದಾಗ ಅವನ ಮನೆಯಲ್ಲಿ ಬಂದೂಕು ಸಿಕ್ಕವು. ಆದೇಶದ ಕಾಗದವೂ ಅಲ್ಲೇ ಇತ್ತು!

ಅವನಿಗೆ ಜೈಲಾಯಿತು. "ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು" ಎಂದು ಅವನು ವಾದಿಸಿದ. 2023ರಲ್ಲಿ ಮೇಲಿನ ಒಂದು ಕೋರ್ಟು ಅವನ ಮಾತನ್ನು ಒಪ್ಪಿತು. ಹೆಂಗಸರಿಗೆ ದಿಗಿಲಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು.

ಧರ್ಮದ ಹಿರಿಯರು ಏನಂದರು?

"ಗಂಡ ಹೊಡೆದರೂ ತಾಳಿಕೋ, ಅದೇ ಧರ್ಮ" ಎಂದು ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅಮೆರಿಕದಲ್ಲೂ ಇದ್ದರು. ಆದರೆ 1992ರಲ್ಲೇ ಅಲ್ಲಿಯ ಕಥೋಲಿಕ ಬಿಷಪ್ಪರು ಬೇರೆ ಮಾತು ಹೇಳಿದರು. ಮನೆಯೊಳಗಾಗಲಿ ಹೊರಗಾಗಲಿ ಹೆಂಗಸನ್ನು ಹಿಂಸಿಸುವುದು ಯಾವ ಕಾರಣಕ್ಕೂ ಸರಿಯಲ್ಲ. ಹೊಡೆತ ತಿಂದುಕೊಂಡು ಮದುವೆಯಲ್ಲಿ ಇರಲೇಬೇಕು ಅಂತಿಲ್ಲ. ಇದು ಅವರ ಮಾತಿನ ಸಾರ.

2023ರಲ್ಲಿ ಅವರು ಸುಪ್ರೀಂ ಕೋರ್ಟಿಗೂ ಬರೆದು ಕೊಟ್ಟರು. ಬಂದೂಕಿನ ಹಕ್ಕಿಗೂ ಮಿತಿ ಇದೆ, ಮನೆಯವರು ಭಯದಲ್ಲಿ ಬದುಕುವಂತಾಗಬಾರದು ಎಂದರು.

2024ರ ಜೂನ್ 21ರಂದು ತೀರ್ಪು ಬಂತು. 9 ನ್ಯಾಯಾಧೀಶರಲ್ಲಿ 8 ಮಂದಿ ಕಾನೂನಿನ ಪರ ನಿಂತರು. ಇನ್ನೊಬ್ಬರ ಜೀವಕ್ಕೆ ಅಪಾಯ ತರುವವನೆಂದು ಕೋರ್ಟು ಕಂಡುಕೊಂಡವನಿಂದ ಬಂದೂಕನ್ನು ದೂರ ಇಡಬಹುದು ಎಂದರು. ಕಾನೂನು ಉಳಿಯಿತು.

ನಮ್ಮ ದೇಶದಲ್ಲಿ

ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಇದೆ. ಗಾಯ ಆಗಲೇಬೇಕು ಅಂತಿಲ್ಲ. ಜೀವ ಬೆದರಿಕೆಯೂ ಹಿಂಸೆಯೇ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡುತ್ತಾರೆ. ಅದನ್ನು ಮೀರಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಿಂಸೆಗೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರು ಹೇಳಬಹುದು. 2006ರ ನಿಯಮದಲ್ಲಿ ಇದು ಇದೆ. 1959ರ ಆಯುಧ ಕಾನೂನಿನ ಪ್ರಕಾರ, ಜನರ ಸುರಕ್ಷತೆಗೆ ಬೇಕೆನಿಸಿದರೆ ಕೋವಿಯ ಲೈಸೆನ್ಸನ್ನೂ ರದ್ದು ಮಾಡಬಹುದು.

ಆದರೆ ಒಂದು ಮಾತು ನೆನಪಿಡಿ. ಅಮೆರಿಕದಲ್ಲಿ ಅಂಥ ಆದೇಶ ಬಂದರೆ ಬಂದೂಕು ಇಡುವುದೇ ಅಪರಾಧ. ನಮ್ಮಲ್ಲಿ ಅದು ತಾನಾಗಿ ಆಗುವುದಿಲ್ಲ. ನಾವು ಕೇಳಬೇಕು. ದೂರು ಬರೆಯುವಾಗ "ಮನೆಯಲ್ಲಿ ಕೋವಿ ಇದೆ, ತೋರಿಸಿ ಹೆದರಿಸುತ್ತಾರೆ, ಅದನ್ನು ತೆಗೆಸಿ" ಎಂದು ಬರೆಯಿರಿ. ಕೋವಿ ಅನ್ನುವುದು ಎರಡೇ ಅಕ್ಷರ. ಈಗ ನಮಗೆ ಬರೆಯಲು ಬರುತ್ತದೆ.

ಏನು ಮಾಡಬೇಕು?

• ಕೋವಿ ಕಿತ್ತುಕೊಳ್ಳಲು ನೀವೇ ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ.
• ಕೂಡಲೇ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.
• ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ.
• ಹೆಂಗಸರಿಗೆ ವಕೀಲರ ನೆರವು ಉಚಿತ. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ.

ಆ ಅಕ್ಕ ಮರುದಿನ ಸ್ಲೇಟು ತಂದರು. "ಟೀಚರೇ, ಅರ್ಜಿ ಬರೆಯೋದು ಹೇಳಿಕೊಡಿ" ಅಂದರು. ಇಬ್ಬರೂ ಕೂತು ಬರೆದೆವು.

ಕೂಡಿ ಮಾತಾಡೋಣ

1. ಗುಂಡು ಹಾರಿಸದಿದ್ದರೂ ಕೋವಿ ತೋರಿಸುವುದು ಹಿಂಸೆ. ಯಾಕೆ?
2. ನಮ್ಮೂರಿನ ಗುಡಿ, ಮಸೀದಿ, ಇಗರ್ಜಿಯ ಹಿರಿಯರು "ತಾಳಿಕೋ" ಅನ್ನುವ ಬದಲು ಏನು ಹೇಳಬೇಕು?
3. ಓದಿ, ಬರೆಯಿರಿ: ಕೋವಿ, ದೂರು, ಆದೇಶ, ರಕ್ಷಣೆ.